ಹಾಜರಿ ಪುಸ್ತಕದಲ್ಲಿದ್ದವರೆಲ್ಲ ಬ್ಯಾಚಿನವರೇ
ಹಳೆಯ ಸಹಪಾಠಿಗಳ ಬಳಗ: ಮಾಡಬೇಕಾದ್ದು, ಮಾಡಬಾರದ್ದು

1975ರಿಂದ 1995ರವರೆಗೆ ಕರ್ನಾಟಕದ ಕಾಲೇಜುಗಳಲ್ಲಿ ಓದಿ ಈಗ ಬ್ಯಾಚಿನ ವಾಟ್ಸ್ಯಾಪ್ ಗ್ರೂಪಿನಲ್ಲಿರುವವರಿಗೆ, ಆ ಗ್ರೂಪು ನಡೆಸುತ್ತಿರುವವರಿಗೆ, ಮುಂದಿನ ಪುನರ್ಮಿಲನಕ್ಕೆ ಜಾಗ ನೋಡುತ್ತಿರುವವರಿಗೆ ಈ ಸೂಚನೆ. ನಾನು ಓದಿದ್ದು ಎಂಜಿನಿಯರಿಂಗ್. ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬಂದಿವೆ. ಬಿಎ, ಬಿಕಾಂ, ಮೆಡಿಕಲ್, ಡಿಪ್ಲೊಮಾ ಮಾಡಿದವರು ತಮ್ಮ ತಮ್ಮ ಬಳಗಕ್ಕೆ ಹೊಂದಿಸಿಕೊಳ್ಳಬಹುದು.

ಮೊದಲು ಒಂದು ಮಾತು ಇತ್ಯರ್ಥವಾಗಲಿ. ಬ್ಯಾಚಿನವರು ಅಂದರೆ ಹಾಜರಿ ಪುಸ್ತಕದಲ್ಲಿ ಒಮ್ಮೆಯಾದರೂ ಹೆಸರು ಬಂದವರೆಲ್ಲ. ಎರಡನೇ ಸೆಮಿಸ್ಟರಿಗೆ ಫೀಸು ಹೊಂದಿಸಲಾಗದೆ ಊರಿಗೆ ಮರಳಿದವನು, ಗಣಿತದ ಪೇಪರು ಪಾಸಾಗದೆ ಇಯರ್ ಔಟ್ ಆಗಿ ಜೂನಿಯರ್‌ಗಳ ಜೊತೆ ಕೂತವನು, ಮದುವೆ ಗೊತ್ತಾಯಿತೆಂದು ಓದು ಬಿಟ್ಟವಳು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವನು, ಎಲ್ಲರೂ ಸೇರಿಯೇ ಬ್ಯಾಚು. ಡಿಗ್ರಿ ಕೈಗೆ ಬಂದವರು, ಅವರಲ್ಲೂ ಒಳ್ಳೆಯ ಕೆಲಸ ಸಿಕ್ಕವರು ಮಾತ್ರ ಸೇರಿಕೊಂಡ ಗ್ರೂಪಿಗೆ ಬ್ಯಾಚಿನ ಹೆಸರು ಇಡುವುದು ಸರಿಯಲ್ಲ. ಕೆಳಗಿನ ಎಲ್ಲ ನಿಯಮಗಳೂ ಈ ಒಂದು ಮಾತಿನಿಂದಲೇ ಹುಟ್ಟಿವೆ.

ಹುಡುಕುವ ಕೆಲಸ

ಮಾಡಬೇಕಾದ್ದು: ಪಟ್ಟಿಯನ್ನು ನೆನಪಿನಿಂದ ಬರೆಯಬೇಡಿ, ರೋಲ್ ನಂಬರಿನ ಪ್ರಕಾರ ಬರೆಯಿರಿ. ನೆನಪಿನಿಂದ ಬರೆದರೆ ಹಾಸ್ಟೆಲಿನ ನಮ್ಮ ಸಾಲಿನ ಹುಡುಗರು, ಕ್ರಿಕೆಟ್ ತಂಡದವರು, ಮುಂದಿನ ಬೆಂಚಿನವರು ಬರುತ್ತಾರೆ. ಬಸ್ಸಿಗೆ ಓಡುತ್ತಿದ್ದ ಡೇ ಸ್ಕಾಲರ್‌ಗಳು ಬಿಟ್ಟುಹೋಗುತ್ತಾರೆ. ಲ್ಯಾಬಿನಲ್ಲಿ ಯಾರ ಪಕ್ಕ ಯಾರು ನಿಂತು ರೀಡಿಂಗ್ ತೆಗೆದುಕೊಳ್ಳುತ್ತಿದ್ದರು ಎಂದು ಪ್ರಾಕ್ಟಿಕಲ್ ಬ್ಯಾಚಿನ ಲೆಕ್ಕದಲ್ಲಿ ಕೂತು ಯೋಚಿಸಿ. ಬಿಟ್ಟುಹೋದ ಹೆಸರುಗಳು ಒಂದೊಂದಾಗಿ ಬರುತ್ತವೆ. ಕಾಲೇಜಿನ ಕಚೇರಿಯಲ್ಲಿ ಹಳೆಯ ದಾಖಲೆ ಇರುತ್ತದೆ. ಹಳೆಯ ವಿದ್ಯಾರ್ಥಿ ಸಂಘವಿದ್ದರೆ ಅದರ ಮೂಲಕ ವಿಚಾರಿಸಿ, ಬರವಣಿಗೆಯಲ್ಲಿ ಕೇಳಿ.

ಹುಡುಕುವಾಗ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಹಾಕಿ. 1960ರಲ್ಲಿ ಶುರುವಾದ ಸುರತ್ಕಲ್‌ನ ಕೆಆರ್‌ಇಸಿ 2002ರಲ್ಲಿ ಎನ್‌ಐಟಿಕೆ ಆಯಿತು. ಹುಬ್ಬಳ್ಳಿಯ ಬಿವಿಬಿ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದೊಳಗಿದೆ, ಮೈಸೂರಿನ ಎಸ್‌ಜೆಸಿಇ ಜೆಎಸ್‌ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿಶ್ವವಿದ್ಯಾಲಯದೊಳಗಿದೆ. ವಿಟಿಯು ಬಂದದ್ದು 1998ರಲ್ಲಿ. ಅದಕ್ಕೂ ಮೊದಲು ಓದಿದವರ ಅಂಕಪಟ್ಟಿಯಲ್ಲಿ ಮೈಸೂರು, ಬೆಂಗಳೂರು, ಕರ್ನಾಟಕ, ಗುಲ್ಬರ್ಗ ಮುಂತಾದ ವಿಶ್ವವಿದ್ಯಾಲಯಗಳ ಹೆಸರಿದೆ. ಹಲವು ಊರುಗಳ ಇಂಗ್ಲಿಷ್ ಕಾಗುಣಿತವೂ 2014ರ ನವೆಂಬರ್ 1ರಿಂದ ಬದಲಾಗಿದೆ. ಅಮೆರಿಕದಲ್ಲಿ ನೆಲೆಸಿದವನು ಇಂದಿಗೂ ತನ್ನ ಪರಿಚಯದಲ್ಲಿ ಹಳೆಯ ಹೆಸರನ್ನೇ ಬರೆದುಕೊಂಡಿರುತ್ತಾನೆ.

ಹೆಣ್ಣುಮಕ್ಕಳನ್ನು ಹುಡುಕುವುದು ಇನ್ನೂ ಕಷ್ಟ. ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿನ ಇನಿಷಿಯಲ್ ಇತ್ತು, ಮದುವೆಯ ನಂತರ ಗಂಡನ ಹೆಸರು ಅಥವಾ ಮನೆತನದ ಹೆಸರು ಸೇರಿತು. ಇಂಟರ್‌ನೆಟ್‌ನಲ್ಲಿ ಆ ಹಳೆಯ ಹೆಸರು ಎಲ್ಲೂ ಇರುವುದಿಲ್ಲ. ಅವರನ್ನು ತಲುಪುವ ದಾರಿ ಇನ್ನೊಬ್ಬ ಸಹಪಾಠಿ ಹೆಣ್ಣುಮಗಳೇ. ಒಬ್ಬರು ಸಿಕ್ಕರೆ ಅವರಿಗೆ ಉಳಿದ ಹೆಸರುಗಳನ್ನು ಕೊಟ್ಟು ಕೇಳಿ. ಗಂಡಸರು ತವರುಮನೆಯ ವಿಳಾಸ ಹಿಡಿದು ಬಾಗಿಲು ತಟ್ಟುವುದು ಕೂಡದು.

ಮಾಡಬಾರದ್ದು: ಸಿಕ್ಕ ನಂಬರನ್ನು ಆ ಕ್ಷಣವೇ ಗ್ರೂಪಿಗೆ ಸೇರಿಸಬೇಡಿ. ಮೊದಲು ಒಬ್ಬರು ಫೋನ್ ಮಾಡಿ. ಅವರೊಡನೆ ಹತ್ತಿರವಿದ್ದವರೇ ಮಾಡಲಿ, ಅಡ್ಮಿನ್ ಆಗಿರಬೇಕೆಂದಿಲ್ಲ. ಸೇರಿಸಬಹುದೇ ಎಂದು ಕೇಳಿ. ಬೇಡ ಅಂದರೆ ಕಾರಣ ಕೇಳಬೇಡಿ. ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಿ, ದೊಡ್ಡ ಸಮಾರಂಭವಿದ್ದಾಗ ಮಾತ್ರ ಇನ್ನೊಮ್ಮೆ ತಿಳಿಸಿ.

ಮೊದಲ ಫೋನಿನಲ್ಲಿ ಮೂರು ಪ್ರಶ್ನೆಗಳನ್ನು ಕಡ್ಡಾಯವಾಗಿ ಬಿಡಿ: ಯಾವ ಕಂಪನಿಯಲ್ಲಿದ್ದೆ, ಎಲ್ಲಿ ಮನೆ ಮಾಡಿದೆ, ಮಕ್ಕಳು ಎಲ್ಲಿ ಸೆಟಲ್ ಆದರು. ದಶಕಗಳಿಂದ ಸುದ್ದಿಯಿಲ್ಲದವರಲ್ಲಿ ಅನೇಕರು ದೂರ ಉಳಿದಿರುವುದು ಈ ಮೂರು ಪ್ರಶ್ನೆಗಳ ಭಯದಿಂದಲೇ. ವ್ಯಾಪಾರ ಕೈಕೊಟ್ಟವರಿದ್ದಾರೆ, ಮದುವೆಯಾಗದವರಿದ್ದಾರೆ, ಮಗುವನ್ನು ಕಳೆದುಕೊಂಡವರಿದ್ದಾರೆ. ಅವರಾಗಿಯೇ ಹೇಳುವವರೆಗೆ ಕಾಯಿರಿ. ಮೆಸ್ಸಿನ ಭಟ್ಟರು, ಸರ್ವೇ ಕ್ಯಾಂಪು, ಊರಿನ ಮಳೆ ಬೆಳೆ, ಮಾತಿಗೆ ಬೇಕಾದಷ್ಟಿದೆ.

ಗ್ರೂಪು

ಒಂದರ ಬದಲು ಎರಡು ಗ್ರೂಪು ಮಾಡಿ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಇಟ್ಟುಕೊಳ್ಳಿ. ಸಾವು, ಕಾಯಿಲೆ, ಮಕ್ಕಳ ಮದುವೆ, ಪುನರ್ಮಿಲನದ ದಿನಾಂಕ, ಇಷ್ಟೇ ಅಲ್ಲಿ ಬರಲಿ. ಹರಟೆಗೆ ಇನ್ನೊಂದು ಇರಲಿ. ಬೆಳಗಾದರೆ ಇನ್ನೂರು ಶುಭೋದಯದ ಚಿತ್ರಗಳು ಬೀಳುವ ಗ್ರೂಪಿನಲ್ಲಿ ಸ್ನೇಹಿತನ ಬೈಪಾಸ್ ಆಪರೇಷನ್ನಿನ ಸುದ್ದಿ ಮುಳುಗಿಹೋಗುತ್ತದೆ.

ರಾಜಕೀಯ, ಜಾತಿ, ಧರ್ಮದ ಫಾರ್ವರ್ಡ್ ಎರಡು ಗ್ರೂಪಿನಲ್ಲೂ ಬೇಡ. ಇದಕ್ಕೆ ವಿನಾಯಿತಿ ಕೊಡಬೇಡಿ. ಒಂದೇ ತಟ್ಟೆಯಲ್ಲಿ ಉಂಡವರು ಚುನಾವಣೆಯ ಒಂದು ಫಾರ್ವರ್ಡಿನಿಂದ ಮಾತು ಬಿಟ್ಟಿರುವುದು ಈಗ ಎಲ್ಲ ಬ್ಯಾಚಿನಲ್ಲೂ ಇದೆ. ಅಡ್ಮಿನ್ ಆದವರು ತಮ್ಮ ಪಕ್ಷದ ಸಂದೇಶಕ್ಕೂ ಎದುರು ಪಕ್ಷದ ಸಂದೇಶಕ್ಕೂ ಒಂದೇ ನಿಯಮ ಹಾಕಬೇಕು. ಆಗದಿದ್ದರೆ ಆ ಕೆಲಸ ಬೇರೆಯವರಿಗೆ ಬಿಡಬೇಕು.

ನಿವೇಶನ, ವಿಮೆ, ಷೇರಿನ ಟಿಪ್ಸು, ಚೈನ್ ವ್ಯಾಪಾರದ ಪುಡಿ ಡಬ್ಬಿಗಳನ್ನು ಗ್ರೂಪಿನಲ್ಲಿ ಮಾರಬೇಡಿ. ಸ್ನೇಹಿತನಿಗೆ ಇಲ್ಲವೆನ್ನಲು ಕಷ್ಟವಾಗುತ್ತದೆ. ಆ ದಾಕ್ಷಿಣ್ಯವನ್ನು ವ್ಯಾಪಾರಕ್ಕೆ ಬಳಸುವುದು ತಪ್ಪು. ಮಗನಿಗೆ ಕೆಲಸ ಬೇಕು, ಮಗಳಿಗೆ ಪ್ರಾಜೆಕ್ಟ್ ಬೇಕು ಎಂದು ಒಂದು ಸಲ ಕೇಳುವುದಕ್ಕೆ ಅಡ್ಡಿಯಿಲ್ಲ.

ಸಂಬೋಧನೆಯ ವಿಷಯದಲ್ಲಿ ಸೂಕ್ಷ್ಮವಿರಲಿ. ಹುಡುಗರು ಹುಡುಗರನ್ನು ಏಕವಚನದಲ್ಲಿ ಕರೆದವರು, ಇಂದಿಗೂ ಹಾಗೆಯೇ ಕರೆಯಿರಿ. ಡಿಸಿ ಆಗಿದ್ದವನಾದರೂ, ಚೀಫ್ ಎಂಜಿನಿಯರ್ ಆಗಿದ್ದವನಾದರೂ ಬ್ಯಾಚಿನೊಳಗೆ ‘ಸಾರ್’ ಬೇಡ. ಆದರೆ ಆ ಕಾಲದಲ್ಲಿ ಅನೇಕ ಕಾಲೇಜುಗಳಲ್ಲಿ ಹುಡುಗ ಹುಡುಗಿಯರು ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಕೂತೂ ಮಾತನಾಡಿದ್ದು ಕಡಿಮೆ, ಆಡಿದಾಗಲೂ ಬಹುವಚನದಲ್ಲೇ. ಈಗ ಇದ್ದಕ್ಕಿದ್ದಂತೆ ‘ಏನೇ’ ಎಂದು ಶುರುಮಾಡಬೇಡಿ. ಅವರು ಸಲುಗೆ ಕೊಟ್ಟರೆ ಸರಿ. ಅವರ ಫೋಟೊಗಳನ್ನು ಕೇಳದೆ ಹಾಕಬೇಡಿ, ರಾತ್ರಿ ವೇಳೆ ಖಾಸಗಿ ಸಂದೇಶ ಕಳಿಸಬೇಡಿ. ಬಳಗ ಬಿಟ್ಟುಹೋದ ಹೆಣ್ಣುಮಕ್ಕಳು ಹೆಚ್ಚಾಗಿ ಹೇಳುವ ಕಾರಣ ಇದೇ.

ಹೊರರಾಜ್ಯದವರು ಜೊತೆಗಿದ್ದ ಬ್ಯಾಚಿನಲ್ಲಿ ಮುಖ್ಯ ಸುದ್ದಿ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಇರಲಿ. ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ (ಆರ್‌ಇಸಿ) ಅರ್ಧ ಸೀಟು ಬೇರೆ ರಾಜ್ಯದವರಿಗಿತ್ತು. ಸುರತ್ಕಲ್ಲಿನಲ್ಲಿ ಓದಿದ ಅಸ್ಸಾಮಿನವನಿಗೆ ಕನ್ನಡ ಓದಲು ಬರದಿರಬಹುದು. ಸಹಪಾಠಿ ತೀರಿಕೊಂಡ ಸುದ್ದಿ ಅವನಿಗೂ ಬೇಕು. ಹರಟೆ ಕನ್ನಡದಲ್ಲೇ ನಡೆಯಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರನ್ನು ತಿದ್ದಲು ಹೋಗಬೇಡಿ.

2022ರಿಂದ ವಾಟ್ಸ್ಯಾಪಿನಲ್ಲಿ ಯಾರಾದರೂ ಗ್ರೂಪು ಬಿಟ್ಟರೆ ಅದರ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ. ಹಾಗಾಗಿ ಹೊಣೆಯೂ ಅವರದೇ. ಆ ವಾರದೊಳಗೆ ಫೋನ್ ಮಾಡಿ ಕ್ಷೇಮ ವಿಚಾರಿಸಿ. ‘ಯಾಕೆ ಹೋದ?’ ಎಂಬ ಚರ್ಚೆ ಗ್ರೂಪಿನಲ್ಲಿ ಎತ್ತಬೇಡಿ. ಕೆಲವರು ಗದ್ದಲಕ್ಕೆ ಬೇಸತ್ತು ಬಿಟ್ಟಿರುತ್ತಾರೆ, ಕೆಲವರು ಮನಸ್ಸು ಕುಗ್ಗಿ ಬಿಟ್ಟಿರುತ್ತಾರೆ. ಎರಡನೆಯವರನ್ನು ಗುರುತಿಸುವುದು ಫೋನಿನ ದನಿಯಿಂದ ಮಾತ್ರ ಸಾಧ್ಯ. ಅಂಥವರ ಮನೆಯವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ತಿಳಿಸಿ, ಕನ್ನಡದಲ್ಲೇ ಮಾತನಾಡಬಹುದು.

ಸಹಪಾಠಿಯ ನಂಬರಿನಿಂದ ‘ತುರ್ತು, ಇಪ್ಪತ್ತು ಸಾವಿರ ಹಾಕು’ ಎಂದು ಬಂದರೆ ದನಿ ಕೇಳದೆ ಒಂದು ರೂಪಾಯಿ ಹಾಕಬೇಡಿ. ಆರು ಅಂಕಿಯ ಕೋಡ್ ಕೇಳಿ ಖಾತೆ ಕದಿಯುವವರು ಮೊದಲು ನುಗ್ಗುವುದು ಇಂಥ ನಂಬಿಕೆಯ ಗ್ರೂಪುಗಳಿಗೇ. ಕೋಡ್ ಯಾರಿಗೂ ಹೇಳಬಾರದು. ದುಡ್ಡು ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವಿದೇಶದವರೊಡನೆ ಗುಂಪು ಕರೆಗೆ ಭಾನುವಾರ ರಾತ್ರಿ 8.30 ಒಳ್ಳೆಯ ಹೊತ್ತು. ಲಂಡನ್ನಿನಲ್ಲಿ ಆಗ ಮಧ್ಯಾಹ್ನ, ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲಕ್ಕೆ ಬೆಳಗಿನ 7, ಬೇಸಿಗೆಗೆ 8. ಆಸ್ಟ್ರೇಲಿಯಾದಲ್ಲಿ ಹೆಚ್ಚಿನವರಿಗೆ ಇದು ನಡುರಾತ್ರಿ ದಾಟಿದ ಹೊತ್ತು, ಅವರಿಗೆ ಬೇರೆ ದಿನ ಇಡಿ.

ಪುನರ್ಮಿಲನ

ದುಡ್ಡಿನಿಂದ ಶುರುಮಾಡಿ, ಏಕೆಂದರೆ ಜನ ಬರದೆ ಉಳಿಯುವುದು ಅಲ್ಲಿಂದ. ರೆಸಾರ್ಟಿನಲ್ಲಿ ಎರಡು ರಾತ್ರಿ ಎಂದು ತೀರ್ಮಾನಿಸಿ ತಲೆಗೆ ಹದಿನೈದು ಸಾವಿರ ಎಂದು ಹಾಕಿದರೆ, ಅನುದಾನವಿಲ್ಲದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು ‘ಆ ದಿನ ಮನೆಯಲ್ಲಿ ಕಾರ್ಯ ಇದೆ’ ಎಂದು ಬರೆಯುತ್ತಾನೆ. ಅವನು ಹೇಳಿದ್ದು ನಿಜವಲ್ಲ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಏನೂ ಮಾಡುವುದಿಲ್ಲ. ಬ್ಯಾಚಿನಲ್ಲಿ ಅತಿ ಕಡಿಮೆ ವರಮಾನದವನು ಯೋಚಿಸದೆ ಕೊಡಬಲ್ಲ ಮೊತ್ತವನ್ನೇ ಎಲ್ಲರಿಗೂ ನಿಗದಿಮಾಡಿ. ಹೆಚ್ಚು ಕೊಡಲು ಶಕ್ತರಾದವರು ಖಜಾಂಚಿಗೆ ಸುಮ್ಮನೆ ಕೊಡಲಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಹಾಕಬೇಡಿ, ವೇದಿಕೆಯಿಂದ ಹೆಸರು ಹೇಳಬೇಡಿ, ಫಲಕ ಕೆತ್ತಿಸಬೇಡಿ. ಒಟ್ಟು ಬಂದದ್ದು, ಒಟ್ಟು ಖರ್ಚಾದದ್ದು, ರಸೀದಿ, ಇಷ್ಟು ಮಾತ್ರ ಬಹಿರಂಗವಾಗಲಿ.

ಜಾಗ ಕಾಲೇಜೇ ಆಗಿರಲಿ. ರಜೆಯ ದಿನ ಒಂದು ತರಗತಿ, ಒಂದು ಲ್ಯಾಬು ತೆರೆಸಿಕೊಡಲು ಪ್ರಾಂಶುಪಾಲರಿಗೆ ಮುಂಚಿತವಾಗಿ ಪತ್ರ ಬರೆದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಊಟಕ್ಕೆ ಪಕ್ಕದ ಕಲ್ಯಾಣಮಂಟಪ ಸಾಕು. ಲಿಫ್ಟ್ ಇಲ್ಲದ ಮೂರನೇ ಮಹಡಿಯ ಸೆಮಿನಾರ್ ಹಾಲ್ ಬೇಡ. ಅರವತ್ತು ದಾಟಿದವರ ಮೊಣಕಾಲು ನೆನಪಿರಲಿ. ಊಟದಲ್ಲಿ ಸಕ್ಕರೆ ಕಾಯಿಲೆಯವರಿಗೂ ಏನಾದರೂ ಇರಲಿ, ಒಂದೂವರೆಗೆ ಎಲೆ ಹಾಕಿರಲಿ. ಕುಡಿಯುವವರು ಕುಡಿಯದವರನ್ನು ಬಲವಂತ ಮಾಡಕೂಡದು. ಬ್ಯಾಚಿನ ಹಣದಿಂದ ಮದ್ಯ ತರಲೇಬಾರದು.

ದಿನಾಂಕದಲ್ಲಿ ಒಂದು ಅನ್ಯಾಯ ಎಲ್ಲ ಕಡೆ ನಡೆಯುತ್ತಿದೆ. ಅಮೆರಿಕದವರ ರಜೆಗೆ ಹೊಂದಿಸಿ ಡಿಸೆಂಬರ್ ಕೊನೆಯ ವಾರವನ್ನೇ ಪ್ರತಿ ಸಲ ಇಡುತ್ತಾರೆ. ಆಗ ರೈಲಿನಲ್ಲಿ ಜಾಗ ಸಿಗುವುದಿಲ್ಲ, ಬಸ್ಸಿನ ದರ ಏರಿರುತ್ತದೆ, ಬೀದರಿನಿಂದ ಬರುವವನಿಗೆ ತೊಂದರೆ. ಒಂದು ಸಲ ಅವರಿಗೆ, ಒಂದು ಸಲ ಇಲ್ಲಿಯವರಿಗೆ ಅನುಕೂಲವಾಗಲಿ. ಪಿತೃಪಕ್ಷ, ರಂಜಾನ್ ತಿಂಗಳು, ಮದುವೆಯ ದಟ್ಟ ಮುಹೂರ್ತಗಳಿರುವ ವೈಶಾಖ ಬಿಟ್ಟು ನೋಡಿ. ಕನಿಷ್ಠ ಆರು ತಿಂಗಳು ಮೊದಲೇ ತಿಳಿಸಿ.

ಕೆಲವು ಕಥೆಗಳನ್ನು ಮೈಕಿನಲ್ಲಿ ಹೇಳಲೇಬಾರದು. ಯಾರು ಯಾರಿಗೆ ಪತ್ರ ಬರೆದಿದ್ದರೆಂಬುದು ಮೊದಲನೆಯದು. ಹೆಂಡತಿ, ಗಂಡ, ಸೊಸೆ, ಮೊಮ್ಮಗ ಎದುರಿಗಿರುತ್ತಾರೆ. ಹೇಳುವವನಿಗೆ ನಗು, ಕೇಳುವವರಿಗೆ ಮನೆಯಲ್ಲಿ ತಿಂಗಳುಗಟ್ಟಲೆ ಬೇಸರ. ಬಣ್ಣ, ಎತ್ತರ, ಜಾತಿ, ಊರಿನ ಮಾತಿನ ಧಾಟಿ ಹಿಡಿದು ಇಟ್ಟ ಅಡ್ಡಹೆಸರುಗಳು ಎರಡನೆಯದು. ಆ ಹೆಸರಿಗೆ ಅವನು ಆಗ ನಕ್ಕಿದ್ದನೆಂದರೆ ಒಪ್ಪಿದ್ದನೆಂದು ಅರ್ಥವಲ್ಲ, ಬೇರೆ ದಾರಿಯಿರಲಿಲ್ಲ. ಮೂರನೆಯದು ರ‍್ಯಾಗಿಂಗ್. ಯುಜಿಸಿ ಅದರ ವಿರುದ್ಧ ಬಿಗಿ ನಿಯಮ ತಂದದ್ದು 2009ರಲ್ಲಿ. ನಮ್ಮ ಕಾಲದಲ್ಲಿ ಅದಕ್ಕೆ ತಮಾಷೆ ಎಂಬ ಹೆಸರಿತ್ತು. ಹಾಸ್ಟೆಲಿನ ಆ ರಾತ್ರಿಗಳ ನೆನಪಿಗೇ ಕಾಲೇಜಿನ ಕಡೆ ತಲೆಹಾಕದವರಿದ್ದಾರೆ. ಯಾರನ್ನಾದರೂ ಹಾಗೆ ನೋಯಿಸಿದ್ದರೆ ಅವರಿಗೆ ಫೋನ್ ಮಾಡಿ, ಒಬ್ಬರೇ ಇದ್ದಾಗ, ‘ತಪ್ಪಾಯ್ತು ಕಣೋ’ ಎಂದು ಬಾಯಿಬಿಟ್ಟು ಹೇಳಿ. ಕ್ಷಮಿಸಬೇಕೆಂದು ಒತ್ತಾಯಿಸಬೇಡಿ.

ಅನೇಕ ಮೇಷ್ಟ್ರುಗಳಿಗೆ ಈಗ ಎಂಬತ್ತು ದಾಟಿದೆ. ಬರಬಲ್ಲವರನ್ನು ಕಾರು ಕಳಿಸಿ ಕರೆತನ್ನಿ, ಮೊದಲ ಅರ್ಧ ಗಂಟೆಯಲ್ಲೇ ಗೌರವ ಮುಗಿಸಿ, ಊಟ ಮಾಡಿಸಿ ಮನೆಗೆ ಬಿಡಿ. ನಾಲ್ಕು ಭಾಷಣಗಳು ಮುಗಿಯುವವರೆಗೆ ಅವರನ್ನು ವೇದಿಕೆಯ ಮೇಲೆ ಕೂರಿಸಿಡಬೇಡಿ. ಬರಲಾಗದವರ ಮನೆಗೆ ಇಬ್ಬರು ಮೂವರು ಹೋಗಿ. ಲ್ಯಾಬಿನ ಅಟೆಂಡರ್, ಗ್ರಂಥಾಲಯದ ಸಹಾಯಕ, ಮೆಸ್ಸಿನಲ್ಲಿ ಬಡಿಸುತ್ತಿದ್ದವರು, ಬದುಕಿದ್ದರೆ ಅವರನ್ನೂ ಹುಡುಕಿ. ಅವರಿಗೂ ಅದೇ ಶಾಲು, ಅದೇ ಸಾಲಿನಲ್ಲಿ ಕುರ್ಚಿ. ಅವರಿಗೆ ಹಣದ ಅಗತ್ಯ ಇರುತ್ತದೆ. ಲಕೋಟೆಯನ್ನು ವೇದಿಕೆಯಲ್ಲಿ ಕೊಡದೆ ಮನೆಗೆ ತಲುಪಿಸಿ.

ಬ್ಯಾಚಿನ ನಿಧಿ

ಒಬ್ಬರ ಉಳಿತಾಯ ಖಾತೆಯಲ್ಲಿ ಲಕ್ಷಗಟ್ಟಲೆ ಕೂಡಿಡಬೇಡಿ. ಆತ ಎಷ್ಟೇ ಪ್ರಾಮಾಣಿಕನಾಗಿರಲಿ, ನಾಳೆ ತೀರಿಕೊಂಡರೆ ಆ ಹಣ ಅವನ ವಾರಸುದಾರರ ಲೆಕ್ಕಕ್ಕೆ ಹೋಗುತ್ತದೆ. ಶಾಶ್ವತ ನಿಧಿ ಬೇಕೆಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ನೋಂದಾಯಿಸಿ.

ಸ್ನೇಹಿತನ ಚಿಕಿತ್ಸೆಗೆ ಹಣ ಕೂಡಿಸುವಾಗ ತೆರಿಗೆಯ ಒಂದು ನಿಯಮ ತಿಳಿದಿರಲಿ. ಸ್ನೇಹಿತರು ಆದಾಯ ತೆರಿಗೆ ಕಾನೂನಿನಲ್ಲಿ ಸಂಬಂಧಿಕರಲ್ಲ. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಕೈಸೇರಿದ ಉಡುಗೊರೆ ಹಣ ಒಟ್ಟು 50,000 ರೂಪಾಯಿ ದಾಟಿದರೆ ಅಷ್ಟೂ ಮೊತ್ತ ಸಾಮಾನ್ಯವಾಗಿ ಪಡೆದವರ ಆದಾಯಕ್ಕೆ ಸೇರುತ್ತದೆ. ಮೊದಲೇ ಆಡಿಟರ್ ಒಬ್ಬರನ್ನು ಕೇಳಿ, ಬ್ಯಾಚಿನಲ್ಲೇ ಒಬ್ಬರ ತಮ್ಮನೋ ಮಗಳೋ ಸಿಎ ಆಗಿರುತ್ತಾರೆ. ಆಸ್ಪತ್ರೆಯ ಬಿಲ್ಲನ್ನು ನೇರವಾಗಿ ಕಟ್ಟುವುದು ಎಲ್ಲ ರೀತಿಯಿಂದಲೂ ಒಳ್ಳೆಯದು.

ವಿದೇಶದಲ್ಲಿರುವವರ ಹಣದಲ್ಲಿ ಎರಡು ಬಗೆಯಿದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ನಿಮ್ಮ ಸಂಘಕ್ಕೆ ಕೊಟ್ಟರೆ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ಅನುಮತಿ ಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಳ್ಳೆಯ ಉದ್ದೇಶವಿದೆಯೆಂದು ನಿಯಮ ಸಡಿಲವಾಗುವುದಿಲ್ಲ.

ಕಾಯಿಲೆ, ಸಾವು

ಈ ವಯಸ್ಸಿನಲ್ಲಿ ಬ್ಯಾಚು ಬೇಕಾಗುವುದು ಹೆಚ್ಚಾಗಿ ಇದಕ್ಕೆ. ರಾಯಚೂರಿನವನಿಗೆ ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದಾಗ, ಕಾರವಾರದವಳ ಗಂಡನನ್ನು ಜಯದೇವ ಹೃದ್ರೋಗ ಆಸ್ಪತ್ರೆಗೆ ಸೇರಿಸಿದಾಗ ಅವರಿಗೆ ಬೇಕಾದದ್ದು ಸ್ಪಷ್ಟವಿದೆ: ಉಳಿಯಲು ಒಂದು ಕೋಣೆ, ಸರತಿಯಲ್ಲಿ ಜೊತೆಗೆ ನಿಲ್ಲುವ ಒಬ್ಬ ಮನುಷ್ಯ, ಮನೆಯ ಊಟದ ಒಂದು ಕ್ಯಾರಿಯರ್, ರಕ್ತ. ಬೆಂಗಳೂರಿನಲ್ಲಿರುವವರು ಬಡಾವಣೆಯ ಪ್ರಕಾರ ಹೆಸರು ಬರೆದಿಟ್ಟುಕೊಳ್ಳಿ. ಅರವತ್ತೈದು ದಾಟಿದವರು ಸಾಮಾನ್ಯವಾಗಿ ರಕ್ತ ಕೊಡುವಂತಿಲ್ಲ, ಹಾಗಾಗಿ ಮಕ್ಕಳ ರಕ್ತದ ಗುಂಪೂ ಪಟ್ಟಿಯಲ್ಲಿರಲಿ. ‘ಬೇಗ ಗುಣವಾಗಲಿ’ ಎಂಬ ಐವತ್ತು ಸಂದೇಶಗಳ ನಂತರವೂ ಆಸ್ಪತ್ರೆಗೆ ಒಬ್ಬನೂ ಹೋಗದ ಬ್ಯಾಚು ಅವಮಾನಪಡಬೇಕು.

ವಿದೇಶದಲ್ಲಿರುವವರಿಗೆ ಒಂದು ಕಟ್ಟುನಿಟ್ಟಿನ ಮಾತು. ಧಾರವಾಡದಲ್ಲಿ ಒಂಟಿಯಾಗಿರುವ ನಿಮ್ಮ ತಾಯಿಯನ್ನು ಊರಲ್ಲಿರುವ ಸಹಪಾಠಿ ಆಗಾಗ ನೋಡಿಬರುತ್ತಾನೆ. ಅದು ಅವನ ದೊಡ್ಡತನ. ಅದನ್ನೇ ಅವನ ಕರ್ತವ್ಯವೆಂದು ಮಾಡಬೇಡಿ. ಅವನಿಗೂ ಅರವತ್ತಾಗಿದೆ, ಅವನ ಮನೆಯಲ್ಲೂ ಹಿರಿಯರಿದ್ದಾರೆ. ಸಂಬಳ ಕೊಟ್ಟು ಆರೈಕೆಯವರನ್ನು ನೇಮಿಸಿ, ಸ್ನೇಹಿತನನ್ನು ಸ್ನೇಹಿತನಾಗಿ ಉಳಿಸಿಕೊಳ್ಳಿ. ಬ್ಯಾಚಿನ ಡಾಕ್ಟರುಗಳಿಗೆ ನಡುರಾತ್ರಿ ವರದಿ ಕಳಿಸಿ ಔಷಧ ಕೇಳುವುದಕ್ಕೂ ಇದೇ ಮಾತು.

ಸಾವಿನ ಸುದ್ದಿಯನ್ನು ಮನೆಯವರೊಡನೆ ಮಾತನಾಡಿ ಖಚಿತಪಡಿಸಿಕೊಳ್ಳದೆ ಹಾಕಬೇಡಿ. ಹಾಕುವಾಗ ಅಂತ್ಯಕ್ರಿಯೆಯ ಜಾಗ, ಹೊತ್ತು, ಯಾರಿಗೆ ಫೋನ್ ಮಾಡಬಹುದು, ಮೂರನ್ನೂ ಬರೆಯಿರಿ. ಹತ್ತಿರವಿದ್ದವರು ಹೋಗಲೇಬೇಕು. ಹದಿಮೂರನೇ ದಿನ ಅಥವಾ ನಲವತ್ತನೇ ದಿನ ಕಳೆದ ಮೇಲೆ ನೆಂಟರು ಹೊರಟುಹೋಗುತ್ತಾರೆ. ಆಗ ಒಬ್ಬರು ಮನೆಗೆ ಹೋಗಿ ಪಿಂಚಣಿ, ಬ್ಯಾಂಕು, ವಿಮೆಯ ಕಾಗದಗಳಿಗೆ ಸಹಾಯ ಬೇಕೇ ಎಂದು ಕೇಳಿ. ತೀರಿಕೊಂಡವರ ನಂಬರನ್ನು ಮಾರನೇ ದಿನವೇ ಗ್ರೂಪಿನಿಂದ ತೆಗೆಯಬೇಡಿ, ಹಾಗೆಂದು ವರ್ಷಗಟ್ಟಲೆ ಬಿಡಲೂಬೇಡಿ. ಸೇವೆ ನಿಂತ ನಂಬರನ್ನು ಕಂಪನಿಗಳು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಮನೆಯವರನ್ನು ಕೇಳಿ, ಹೇಳಿ, ಆಮೇಲೆ ತೆಗೆಯಿರಿ. ಅವರ ಹೆಂಡತಿ ಅಥವಾ ಗಂಡ ಗ್ರೂಪಿನಲ್ಲಿ ಉಳಿಯಲು ಇಷ್ಟಪಟ್ಟರೆ ಆ ಜಾಗ ಅವರದು. ಮುಂದಿನ ಪುನರ್ಮಿಲನಕ್ಕೆ ಅವರಿಗೂ ಕರೆ ಹೋಗಬೇಕು.

ಪಟ್ಟಿ

ಯಾವ ಆ್ಯಪನ್ನೂ ನಂಬಿ ಕೂರಬೇಡಿ. ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಚ್ಚಿತು. ಅನೇಕ ಬ್ಯಾಚುಗಳ ವಿಳಾಸ, ಹಳೆಯ ಫೋಟೊ, ಪತ್ರಗಳು ಅವುಗಳೊಡನೆ ಹೋದವು. ಪಟ್ಟಿ ಒಂದು ಪುಸ್ತಕದಲ್ಲೂ ಒಂದು ಕಂಪ್ಯೂಟರಿನಲ್ಲೂ ಇರಲಿ, ಬೇರೆ ಬೇರೆ ಊರಿನ ಇಬ್ಬರ ಬಳಿ ಇರಲಿ. ವರ್ಷಕ್ಕೊಮ್ಮೆ ತಿದ್ದಿ. ಹೆಸರಿಲ್ಲದ ರೋಲ್ ನಂಬರುಗಳನ್ನು ಖಾಲಿ ಬಿಡಿ, ಅಳಿಸಬೇಡಿ.

ಇದನ್ನು ಓದುತ್ತಿರುವವರು ತಮ್ಮ ಬ್ಯಾಚಿನ ಅಡ್ಮಿನ್‌ಗೆ ಈ ತಿಂಗಳೊಳಗೆ ನಾಲ್ಕು ವಿವರ ಕಳಿಸಿ: ಈಗಿನ ವಿಳಾಸ, ರಕ್ತದ ಗುಂಪು, ನಿಮ್ಮ ನಂಬರು, ಮತ್ತು ನಿಮ್ಮ ಫೋನ್ ಎತ್ತದಿದ್ದರೆ ಮನೆಯಲ್ಲಿ ಯಾರಿಗೆ ಮಾಡಬೇಕೋ ಅವರ ನಂಬರು. ನಾಲ್ಕನೆಯದನ್ನು ಬಿಡಬೇಡಿ.